ಅಳಿಯನಿಗಾಗಿ ಕಲಿತ ಆಟ

ಇಂಗ್ಲಿಷರ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿದವನಿಗೆ ನಗುವ ಕಥೆಗಳಿಗೆ ಬರಗಾಲವಿಲ್ಲ. ಕರೆಯದಿದ್ದರೂ ವಾರಕ್ಕೊಂದು ತಾನಾಗಿ ಬಂದು ಕೌಂಟರಿನ ಮೇಲೆ ಕೂರುತ್ತದೆ. ಆದರೆ ಕಳೆದ ಚಳಿಗಾಲದ ಈ ಕೆಲವನ್ನು ಹೇಳಹೊರಟರೆ ನನಗೆ ನಗು ಅರ್ಧಕ್ಕೇ ನಿಲ್ಲುತ್ತದೆ. ಹೇಳದೆ ಇರಲೂ ಆಗುವುದಿಲ್ಲ, ಅದೇ ಕಷ್ಟ.

ನಾನು ಗಲ್ಫಿನಲ್ಲಿ, ಶುವೈಖಿನ ಒಂದು ಗ್ಯಾರೇಜಿನಲ್ಲಿ ಸ್ಪೇರ್ ಪಾರ್ಟ್ಸ್ ಸ್ಟೋರ್ ನೋಡಿಕೊಳ್ಳುವವನು. ಊರು ಬಂಟ್ವಾಳದ ಕಡೆ. ಮನೆಯಲ್ಲಿ ಬ್ಯಾರಿ ಭಾಷೆ, ಗ್ಯಾರೇಜಿನಲ್ಲಿ ಬಾಯಿಗೆ ಬಂದ ಭಾಷೆ. ನಮ್ಮ ವರ್ಕ್‌ಶಾಪ್ ಮ್ಯಾನೇಜರ್ ಇಂಗ್ಲೆಂಡಿನವರು. ನಾವೆಲ್ಲ ಬಾಸ್ ಅನ್ನುತ್ತೇವೆ. ಹೆಂಡತಿ ತೀರಿಕೊಂಡಿದ್ದಾರೆ. ಇರುವವಳು ಒಬ್ಬಳೇ ಮಗಳು, ಅವಳು ಅಮೆರಿಕದ ಹುಡುಗನನ್ನು ಮದುವೆಯಾಗಿ ಅಲ್ಲೇ ಇದ್ದಾಳೆ.

ಅವರಲ್ಲಿ ಮದುವೆಯ ಊಟದ ಹೊತ್ತಿಗೆ ಹುಡುಗಿಯ ಅಪ್ಪ ಎದ್ದು ನಾಲ್ಕು ಮಾತಾಡುವ ಪದ್ಧತಿ ಉಂಟು. ಬಾಸ್ ಎದ್ದು, ಸುಮ್ಮನೆ ಮಗಳನ್ನು ಹೊಗಳಿ ಕೂರುವುದು ಬಿಟ್ಟು, ಅಮೆರಿಕದವರ ಫುಟ್‌ಬಾಲಿನ ಸುದ್ದಿಗೆ ಹೋದರು. "ನಮ್ಮ ಹುಡುಗರು ಅಂಗಿ ಚಡ್ಡಿಯಲ್ಲಿ ಆಡುತ್ತಾರೆ. ಇವರು ಸೋಫಾದ ದಿಂಬುಗಳನ್ನೆಲ್ಲ ಹೆಗಲಿಗೆ ಕಟ್ಟಿಕೊಂಡು ಆಡುತ್ತಾರೆ. ಆಡುವುದಕ್ಕಿಂತ ಗುಂಪುಕೂಡಿ ಪಿಸುಗುಟ್ಟುವುದೇ ಜಾಸ್ತಿ" ಅಂದರಂತೆ. ಅಳಿಯನ ತಂದೆ ಜೀವಮಾನವಿಡೀ ಆ ಆಟದ ಕೋಚ್ ಆಗಿದ್ದವರು. ಹಾಲ್‌ನ ಅರ್ಧ ಭಾಗ ನಕ್ಕಿತು, ಉಳಿದರ್ಧ ಕತ್ತಿ ಚಮಚ ಕೆಳಗಿಟ್ಟಿತು. ಅಂದಿನಿಂದ ಮಗಳ ಫೋನು ಕಡಿಮೆಯಾಗುತ್ತ ಬಂದು ಕೊನೆಗೆ ಹೊಸ ವರ್ಷಕ್ಕೊಂದು, ಹುಟ್ಟುಹಬ್ಬಕ್ಕೊಂದು ಎಂಬಲ್ಲಿಗೆ ಬಂದು ನಿಂತಿತು.

ಒಂದು ದಿನ ಬಾಸ್ ನನ್ನ ಕೌಂಟರಿಗೆ ಬಂದು, ಕ್ಲಚ್ ಪ್ಲೇಟು ಕೇಳುವ ಗತ್ತಿನಲ್ಲೇ ಹೇಳಿದರು, "ನಾನು ಆ ದರಿದ್ರ ಆಟ ಕಲಿಯುತ್ತೇನೆ. ಅಳಿಯನ ಹತ್ತಿರ ಅದರ ಬಗ್ಗೆ ಮಾತಾಡುತ್ತೇನೆ. ಅವನು ಸರಿಯಾದರೆ ಮಗಳು ಸರಿಯಾಗುತ್ತಾಳೆ. ನೀನು ಶುಕ್ರವಾರ ಬಾ. ನಿನ್ನ ಹೆಂಡತಿ ಮಾಡುವ ಆ ಉರುಟು ತಿಂಡಿ ತಾ."

ಉರುಟು ತಿಂಡಿ ಅಂದರೆ ಗೋಳಿಬಜೆ.

ಕೆಟಲ್

ಅಮೆರಿಕದಲ್ಲಿ ಭಾನುವಾರ ಆಡಿದ ಪಂದ್ಯವನ್ನು ಬಾಸ್ ರೆಕಾರ್ಡ್ ಮಾಡಿಟ್ಟು, ನಮಗೆ ರಜೆಯಿರುವ ಶುಕ್ರವಾರ ಹಾಕುತ್ತಿದ್ದರು. ಯಾರು ಗೆದ್ದರೆಂದು ಅಷ್ಟು ದಿನ ಯಾರೂ ಬಾಯಿ ಬಿಡಬಾರದು. ನಾನು ಜುಮಾ ನಮಾಜು ಮುಗಿಸಿ, ಊಟ ಮಾಡಿ, ನಾವಿರುವ ಹವಲ್ಲಿಯಿಂದ ಮಹಬೂಲಾಕ್ಕೆ ಅವರ ಫ್ಲಾಟಿಗೆ ಹೋಗುತ್ತಿದ್ದೆ.

ಅಲ್ಲಿ ಇನ್ನಿಬ್ಬರು ಇಂಗ್ಲಿಷರು ಇರುತ್ತಿದ್ದರು. ಒಬ್ಬರು ಶಾಲೆಯ ಪಿ.ಟಿ. ಮೇಷ್ಟ್ರು. ಇನ್ನೊಬ್ಬರು ಕ್ರೇನ್ ಕಂಪನಿಯೊಂದರ ಸೇಫ್ಟಿ ಆಫೀಸರ್. ಮೂವರೂ ನಮ್ಮೆಲ್ಲರಿಗೆ ಗೊತ್ತಿರುವ ಫುಟ್‌ಬಾಲಿನ ಹುಚ್ಚರು. ಅದನ್ನು ನೋಡುವಾಗ ಅವರದೊಂದು ವ್ರತ: ಮುಕ್ಕಾಲು ಗಂಟೆ ಕದಲಬಾರದು, ಆಟ ನಿಂತ ಕೂಡಲೇ ಎದ್ದು ಕೆಟಲ್ ಹಾಕಬೇಕು, ಟೀ ಕುಡಿದು ಮತ್ತೆ ಕದಲದೆ ಕೂರಬೇಕು.

ಮೊದಲ ಶುಕ್ರವಾರ ಮೂವರೂ ಉಸಿರು ಬಿಗಿಹಿಡಿದು ಕುಳಿತರು. ಒಬ್ಬ ಚೆಂಡು ಹಿಡಿದು ಓಡಿದ, ಐದಾರು ಜನ ಅವನ ಮೇಲೆ ಬಿದ್ದರು, ಪೀಪಿ ಕೂಗಿತು, ಎಲ್ಲರೂ ನಿಂತರು.

"ಹಾಫ್‌ಟೈಮ್ ಆಯಿತಾ?" ಅಂದರು ಬಾಸ್.

"ಮುಕ್ಕಾಲು ಗಂಟೆ ಆಗಲೇ ಇಲ್ಲವಲ್ಲ" ಅಂದರು ಸೇಫ್ಟಿ.

"ನಿಂತಿದ್ದಾರಲ್ಲ. ನಿಂತರೆ ಹಾಫ್‌ಟೈಮ್. ಯಲ್ಲಾ, ಕೆಟಲ್ ಹಾಕು" ಅಂದರು ಮೇಷ್ಟ್ರು. ಬಾಸ್ ಹೋಗಿ ಟೀ ಮಾಡಿ ತರುವಷ್ಟರಲ್ಲಿ ಆಟ ಶುರುವಾಗಿ, ಮತ್ತೆ ನಿಂತು, ಜಾಹೀರಾತು ಬಂದು, ಮತ್ತೆ ಶುರುವಾಗಿ ಮತ್ತೆ ನಿಂತಿತ್ತು. ನಿಂತದ್ದು ಕಂಡರೆ ಇವರ ಕಾಲು ತಾನಾಗಿ ಅಡುಗೆಮನೆಗೆ ಎಳೆಯುತ್ತದೆ, ಏನು ಮಾಡುವುದು? ಸರದಿಯಂತೆ ಒಬ್ಬೊಬ್ಬರು ಹೋಗಿ ಕೆಟಲ್ ಹಾಕಿದರು. ಕುಡಿಯದೆ ಚೆಲ್ಲುವುದು ಅವರಲ್ಲಿ ದೊಡ್ಡ ಪಾಪ.

ನಿಜವಾದ ಹಾಫ್‌ಟೈಮ್ ಬಂದಾಗ ಟೀ ಬೇಕು ಅನ್ನುವವರು ಒಬ್ಬರೂ ಇರಲಿಲ್ಲ. ನಾಲ್ವರೂ ಬಾತ್‌ರೂಮಿನ ಬಾಗಿಲಲ್ಲಿ ಸಾಲು ನಿಂತಿದ್ದೆವು.

ಸತ್ತವನು ಎದ್ದು ಬಂದ

ಎರಡನೇ ವಾರ ಬಾಸ್ ನನ್ನನ್ನೇ ಕೇಳಿದರು, "ನಿನಗೇನಾದರೂ ಅರ್ಥವಾಗುತ್ತದಾ?"

ಇಂಗ್ಲಿಷರು ನಮ್ಮನ್ನು ಅಭಿಪ್ರಾಯ ಕೇಳುವುದು ದಿನಾ ಆಗುವ ವಿಷಯವಲ್ಲ. ಇಲ್ಲ ಅನ್ನಲು ನನ್ನ ಬಾಯಿಗೆ ಮನಸ್ಸಾಗಲಿಲ್ಲ. ನೋಡಿದರೆ ಮಧ್ಯೆ ಗೆರೆ, ಎರಡು ಕಡೆ ಬಗ್ಗಿ ನಿಂತ ದಾಂಡಿಗರು, ನುಗ್ಗುವವನನ್ನು ಹಿಡಿದು ಕೆಡವುವುದು. "ಇದು ನಮ್ಮ ಕಬಡ್ಡಿಯೇ ಬಾಸ್, ಚೆಂಡು ಒಂದು ಹೆಚ್ಚಿಗೆ. ಹಿಡಿದು ಕೆಡವಿದರೆ ಅವನು ಔಟ್" ಅಂದೆ.

ಮೂವರಿಗೂ ಸಮಾಧಾನವಾಯಿತು. ಆದರೆ ಕೆಡವಿಸಿಕೊಂಡವನು ಎದ್ದು, ಚಡ್ಡಿ ಕೊಡವಿ, ಮತ್ತೆ ಸಾಲಿನಲ್ಲಿ ನಿಂತ.

"ಅವನು ಔಟ್ ಆಗಿದ್ದಾನೆ! ರೆಫರಿ ಕಣ್ಣು ಎಲ್ಲಿಟ್ಟಿದ್ದಾನೆ?" ಮೇಷ್ಟ್ರು ಎದ್ದು ನಿಂತು ಕೂಗಿದರು. ಶಾಲೆಯಲ್ಲಿ ಮಕ್ಕಳ ಕಳ್ಳಾಟ ಹಿಡಿದು ಹಿಡಿದು ಅವರಿಗೆ ಅದೊಂದು ಅಭ್ಯಾಸ. ನಾನು ಮರ್ಯಾದೆ ಉಳಿಸಿಕೊಳ್ಳಲು, ಎದುರು ಪಕ್ಷದವನೊಬ್ಬ ಬಿದ್ದರೆ ಇವರಲ್ಲಿ ಒಬ್ಬನಿಗೆ ಜೀವ ಬರುತ್ತದೆ ಅಂದೆ. ಕಬಡ್ಡಿಯಲ್ಲಿ ಹಾಗೆಯೇ ತಾನೆ. ಅದೂ ನಡೆಯಿತು. ಯಾರು ಸತ್ತ, ಯಾರಿಗೆ ಜೀವ ಬಂತು ಎಂದು ಲೆಕ್ಕ ಹಾಕುತ್ತ ಮೂರು ಶುಕ್ರವಾರ ಕಳೆದೆವು. ಮೇಷ್ಟ್ರ ಮುಖದಲ್ಲಿ ಒಂದು ಹುರುಪು ಕಾಣಿಸತೊಡಗಿತ್ತು. ಆ ಮೂರು ಶುಕ್ರವಾರ ಈಗಲೂ ನನಗೆ ತುಂಬ ನೆನಪಾಗುತ್ತದೆ, ಯಾಕೆಂದರೆ ನಾವೆಲ್ಲ ಬರೀ ಆಟ ನೋಡುತ್ತಿದ್ದದ್ದು ಅಷ್ಟೇ ದಿನ.

ಐದನೇ ವಾರ ಸೇಫ್ಟಿಯವರು ನಿಯಮಗಳನ್ನೆಲ್ಲ ಓದಿಕೊಂಡು ಬಂದರು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಯಾರೂ ಸಾಯುವುದಿಲ್ಲ, ಯಾರಿಗೂ ಜೀವ ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಮೇಷ್ಟ್ರು ಎಲ್ಲ ಕೇಳಿ ನನ್ನ ಕಡೆ ತಿರುಗಿ ಬೇಸರದಲ್ಲಿ ಹೇಳಿದರು, "ಇದಕ್ಕಿಂತ ನೀನು ಹೇಳಿದ ಆಟವೇ ಚೆನ್ನಾಗಿತ್ತು."

ಹೆಲ್ಮೆಟ್ಟು, ಕಾಲು, ಹಾಡು

ನಿಯಮ ತಿಳಿದ ಮೇಲೆ ಮೂವರೂ ಮೂರು ದಾರಿ ಹಿಡಿದರು.

ಸೇಫ್ಟಿ ಆಫೀಸರಿಗೆ ಆಟ ತಲೆಗೇ ಹತ್ತಿತು. ಜೀವಮಾನವಿಡೀ ಹೆಲ್ಮೆಟ್ ಹಾಕಿ ಮಾರಾಯರೇ ಎಂದು ಬಿಸಿಲಲ್ಲಿ ಬೊಬ್ಬೆ ಹೊಡೆದವರು ಅವರು. ಇಲ್ಲಿ ನೋಡಿದರೆ ಪ್ರತಿಯೊಬ್ಬನ ತಲೆಯ ಮೇಲೂ ಹೆಲ್ಮೆಟ್, ಬೆಲ್ಟು ಬಿಗಿದಿದೆ, ಹಲ್ಲಿಗೂ ಕವಚ. "ನೋಡು, ಒಬ್ಬನಾದರೂ ಬಿಸಿಲು, ಬೆವರು ಅಂತ ಗೊಣಗುತ್ತಾನಾ?" ಎಂದು ಟಿವಿಯ ಕಡೆ ಬೆರಳು ತೋರಿಸುತ್ತಿದ್ದರು. ಯಾರು ಗೆದ್ದರೂ ಅವರಿಗೆ ಸಂತೋಷವೇ.

ಮೇಷ್ಟ್ರು ಆಟವನ್ನು ಕ್ಷಮಿಸಲಿಲ್ಲ. ಆದರೆ ಕಾಲಿನಿಂದ ಒದೆಯಲಿಕ್ಕೆಂದೇ ಒಬ್ಬನನ್ನು ಇಟ್ಟುಕೊಂಡಿರುತ್ತಾರಲ್ಲ, ಬಾಕಿ ಹೊತ್ತೆಲ್ಲ ಬೆಂಚಿನಲ್ಲಿ ಒಬ್ಬಂಟಿ ಕೂತಿರುತ್ತಾನಲ್ಲ, ಅವನ ಮೇಲೆ ಅವರಿಗೆ ಮಮತೆ ಹುಟ್ಟಿತು. "ಆ ದೇಶದಲ್ಲಿ ಅವನೊಬ್ಬನೇ ನಮ್ಮವ" ಅನ್ನುತ್ತಿದ್ದರು. ಯಾವ ತಂಡದವನಾದರೂ ಸರಿ, ಒದೆಯುವವನು ಬಂದಾಗ ಮಾತ್ರ ಪೇಪರ್ ಮಡಚಿ ಎದ್ದು ನಿಂತು ಚಪ್ಪಾಳೆ ತಟ್ಟುವುದು, ಅವನು ಹೋದ ಕೂಡಲೇ ಮತ್ತೆ ಪೇಪರ್ ಬಿಡಿಸುವುದು.

ಬಾಸ್ ಅಳಿಯನ ತಂಡವನ್ನೇ ಹಿಡಿದರು. ನೀಲಿ ಅಂಗಿಯವರು. ಇಂಗ್ಲಿಷರು ತಮ್ಮ ತಂಡ ಮುನ್ನುಗ್ಗುವಾಗ ಹಾಡುವವರು. ನೀಲಿಯವರ ಕೈಗೆ ಚೆಂಡು ಬಂದರೆ ಬಾಸ್ ಸೋಫಾದ ಮೇಲೆ ಹತ್ತಿ ನಿಂತು ಹಾಡುವುದು, ಎದುರಿನವರಿಗೆ ಹೋದರೆ ಮುಖ ಗಂಟು ಹಾಕಿ ಮೌನ. ಒಮ್ಮೆ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಯಾರಾದರೂ ಯಾರನ್ನಾದರೂ ಹೊಡೆಯುತ್ತಿದ್ದಾರೋ ಎಂದು ನೋಡಲು ಬಂದ. ಒಳಗೆ ಸೋಫಾದ ಮೇಲೆ ನಿಂತು ಹಾಡುವ ಹಿರಿಯರನ್ನೂ ಪೇಪರ್ ಓದುವ ಮೇಷ್ಟ್ರನ್ನೂ ನೋಡಿ, "ಮಾಫಿ ಮುಷ್ಕಿಲ್", ಏನೂ ತೊಂದರೆಯಿಲ್ಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಇಳಿದು ಹೋದ.

ಆ ಆಟದಲ್ಲಿ ಪದ್ಧತಿ ಉಲ್ಟಾ ಅಂತ ಸೇಫ್ಟಿಯವರೇ ಆಮೇಲೆ ಕಂಡುಹಿಡಿದದ್ದು. ನಮ್ಮವರ ಕೈಯಲ್ಲಿ ಚೆಂಡಿದ್ದಾಗ ಅವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕು, ಆಗ ನಾವು ಸುಮ್ಮನಿರಬೇಕು. ಗಲಾಟೆ ಮಾಡುವುದು ಎದುರಿನವರ ಸರದಿಯಲ್ಲಿ. ಬಾಸ್ ಸೋಫಾದಿಂದ ಇಳಿದು ಕೂತರು. "ಅಂದರೆ ಎರಡು ತಿಂಗಳಿಂದ ನಾನು ಅಳಿಯನ ತಂಡವನ್ನು ಸೋಲಿಸಲು ನೋಡುತ್ತಿದ್ದೆ" ಅಂದರು. ಮದುವೆಯಲ್ಲಿ ಮಾಡಿದ್ದೂ ಅದನ್ನೇ ಅಲ್ಲವಾ ಎಂದು ನನ್ನ ಬಾಯಿ ತುದಿಗೆ ಬಂದಿತ್ತು. ಗೋಳಿಬಜೆ ತುರುಕಿ ಬಾಯಿ ಮುಚ್ಚಿಕೊಂಡೆ.

ಪರೀಕ್ಷೆ ಪಾಸು

ಅಳಿಯನಿಗೆ ಫೋನ್ ಮಾಡುವ ದಿನ ಬಾಸ್ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ವಿಡಿಯೋ ಕಾಲ್ ಅಲ್ಲ, ಸ್ಪೀಕರ್ ಹಾಕಿದ ಬರೀ ಫೋನು. ಮತ್ತೆ ಇಸ್ತ್ರಿ ಯಾಕೆ ಎಂದು ಕೇಳಿದರೆ "ಧ್ವನಿಯಲ್ಲಿ ಗೊತ್ತಾಗುತ್ತದೆ" ಅಂದರು.

"ನಿಮ್ಮ ಹೊಸ ಕಿಕ್ಕರ್ ಪರವಾಗಿಲ್ಲ" ಎಂದು ಶುರುಮಾಡಿದರು. ಅದು ಮೇಷ್ಟ್ರು ಹೇಳಿಕೊಟ್ಟದ್ದು. ಆ ಕಡೆ ಅಳಿಯನಿಗೆ ಅಷ್ಟೇ ಸಾಕಾಯಿತು. ಆಮೇಲೆ ಒಡ್ಡು ಒಡೆದ ಹಾಗೆ ಮಾತು. ಯಾವ ಆಟಗಾರನ ಮೊಣಕಾಲು ನೋವು, ಕೋಚ್ ಎಲ್ಲಿ ತಪ್ಪಿದ, ಮುಂದಿನ ವರ್ಷ ಯಾರನ್ನು ತರಬೇಕು. ಬಾಸ್ ಒಂದು ಗಂಟೆ "ಹೌದು ಹೌದು" ಅಂದರು. ಕೊನೆಗೆ ಆ ಹುಡುಗ ಮೊದಲ ಸಲ ಅವರನ್ನು "ಡ್ಯಾಡ್" ಎಂದು ಕರೆದ. ಬಾಸ್ ಕನ್ನಡಕ ತೆಗೆದು ಒರೆಸಿಕೊಂಡರು. ನಮಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

"ಮಗಳ ಹತ್ತಿರ ಮಾತಾಡಲಿಲ್ಲವಾ?" ಎಂದು ಸೇಫ್ಟಿಯವರು ಕೇಳಿದರು.

"ಎಲ್ಲಿ, ಅವನು ಬಿಡಬೇಕಲ್ಲ!" ಎಂದು ಬಾಸ್ ಹೆಮ್ಮೆಯಿಂದ ನಕ್ಕರು.

ಇನ್ನು ಎರಡು ನಿಮಿಷ

ಇದಾಗಿ ಕೆಲವು ವಾರದ ಮೇಲೆ ಒಂದು ಶುಕ್ರವಾರ. ನೀಲಿಯವರದು ಬಹಳ ಬಿಗಿ ಪಂದ್ಯ. ಕೊನೆಯ ಹೊತ್ತು, ನೀಲಿಯವರು ಸ್ವಲ್ಪದರಲ್ಲಿ ಹಿಂದೆ, ಚೆಂಡು ಅವರದೇ ಕೈಯಲ್ಲಿ. ಮೇಷ್ಟ್ರು ಕೂಡ ಪೇಪರ್ ಬದಿಗಿಟ್ಟಿದ್ದರು. ಆಗ ಬಾಸ್‌ರ ಫೋನು ಹೊಡೆದುಕೊಂಡಿತು. ಮಗಳು. ಹಬ್ಬವಲ್ಲ, ಹುಟ್ಟುಹಬ್ಬವಲ್ಲ, ತಾನಾಗಿ ಮಾಡಿದ ಫೋನು. ಬಾಸ್ ನಮ್ಮ ಕಡೆ ನೋಡಿದ ನೋಟವೇ ಹೇಳುತ್ತಿತ್ತು, ನೋಡಿ, ಕಲಿತದ್ದು ಫಲ ಕೊಟ್ಟಿತು ಅಂತ. ಗೋಳಿಬಜೆ ತಿಂದು ಕೈಯೆಲ್ಲ ಎಣ್ಣೆಯಾಗಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು. ಟಿವಿಯ ಸದ್ದು ಮಾತ್ರ ಅಡಗಿಸಿದರು.

"ಡ್ಯಾಡ್, ನಾನು ಮನೆ ಬಿಟ್ಟು ಬಂದೆ" ಅಂದಳು ಆ ಹುಡುಗಿ. ಅಳುತ್ತಿದ್ದಳು.

ನಾವು ಮೂವರು ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

"ಅವನು ಕೆಟ್ಟವನಲ್ಲ ಡ್ಯಾಡ್. ಆದರೆ ಮನೆಯಲ್ಲಿ ನಾನು ಇದ್ದೇನೆ ಅಂತಲೇ ಅವನಿಗೆ ಗೊತ್ತಿಲ್ಲ. ಭಾನುವಾರ ಬೆಳಗಾದರೆ ಆ ಆಟ. ಸೋಮವಾರ ಅದರ ಮಾತು, ಮಂಗಳವಾರವೂ ಅದೇ. ನಾನು ಸೂಟ್‌ಕೇಸ್ ಎಳೆದುಕೊಂಡು ಟಿವಿ ಎದುರಿನಿಂದ ದಾಟಿದೆ. ಏನು ಹೇಳಿದ ಗೊತ್ತಾ? ಸ್ವಲ್ಪ ಆ ಕಡೆ ಸರಿ, ಕಾಣುವುದಿಲ್ಲ ಅಂದ."

"ಹೌದಾ ಮಗಳೇ" ಅಂದರು ಬಾಸ್. ಅವರ ಮುಖ ಕಪ್ಪಿಟ್ಟಿತ್ತು, ನಿಜಕ್ಕೂ. ಆದರೆ ಕಣ್ಣು? ಅಷ್ಟರಲ್ಲಿ ನೀಲಿಯವನೊಬ್ಬ ಚೆಂಡು ಹಿಡಿದು ಗೆರೆಯ ಪಕ್ಕದಿಂದ ತಪ್ಪಿಸಿಕೊಂಡು ಹೊರಟ.

"ನನಗೆ ಏನು ಮಾಡಬೇಕಂತಲೇ ಗೊತ್ತಾಗುವುದಿಲ್ಲ ಡ್ಯಾಡ್. ನಿಮ್ಮ ಹತ್ತಿರ ಬರಬೇಕು ಅನ್ನಿಸುತ್ತದೆ…"

"ಓಡು!" ಎಂದು ಬಾಸ್ ಆರ್ಭಟಿಸಿದರು. "ಓಡು, ಓಡು, ಎಡಕ್ಕೆ!"

ಆ ಕಡೆ ಅಳು ನಿಂತಿತು.

"ಡ್ಯಾಡ್," ಅಂದಳು. "ನೀವೂ ಅದನ್ನೇ ನೋಡುತ್ತಿದ್ದೀರಾ?"

"ನಿನಗೋಸ್ಕರವೇ ಕಲಿತದ್ದು ಮಗಳೇ" ಅಂದರು ಬಾಸ್. ನಾನು ಅವರ ಬಾಯಿಂದ ಕೇಳಿದ ಅತಿ ಸತ್ಯವಾದ ಮಾತು ಅದು. ಹೇಳಿದ ಹೊತ್ತು ಮಾತ್ರ ಸರಿಯಿರಲಿಲ್ಲ. ಫೋನು ಕಟ್ ಆಯಿತು.

ಮೇಷ್ಟ್ರು ಮೆಲ್ಲಗೆ, "ಈಗಲೇ ವಾಪಸ್ ಮಾಡು" ಅಂದರು. ಬಾಸ್ ಎಣ್ಣೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡರು. ಒಮ್ಮೆ ಟಿವಿ ನೋಡಿದರು. "ಅವಳೂ ಸ್ವಲ್ಪ ಸಮಾಧಾನ ಮಾಡಿಕೊಳ್ಳಲಿ. ಇನ್ನು ಎರಡೇ ನಿಮಿಷ ಉಂಟು. ಖಲಾಸ್ ಆಗಲಿ, ಆಮೇಲೆ ಆರಾಮವಾಗಿ ಮಾತಾಡುತ್ತೇನೆ" ಅಂದರು.

ಆ ಆಟದ ಎರಡು ನಿಮಿಷ ಗೊತ್ತಿದ್ದವರಿಗೆ ಗೊತ್ತು. ಇವರು ಆಟ ನಿಲ್ಲಿಸುತ್ತಾರೆ, ಅವರು ನಿಲ್ಲಿಸುತ್ತಾರೆ, ರೆಫರಿ ಹೋಗಿ ತಾನು ಕೊಟ್ಟ ತೀರ್ಪನ್ನು ತಾನೇ ಟಿವಿಯಲ್ಲಿ ನೋಡಿ ಬರುತ್ತಾನೆ, ನಡುವೆ ಟ್ರಕ್ಕಿನ ಜಾಹೀರಾತು, ಪಿಜ್ಜಾದ ಜಾಹೀರಾತು. ಅರ್ಧ ಗಂಟೆಯ ಮೇಲೂ ಎಳೆಯಿತು. ನೀಲಿಯವರು ಸೋತರು. ಬಾಸ್ ಫೋನ್ ಮಾಡಿದಾಗ ಮಗಳದು ಸ್ವಿಚ್ ಆಫ್. ಆಮೇಲೆ ತಿಂಗಳುಗಟ್ಟಲೆ ಹಾಗೆಯೇ. ಈಗ ಅವರಿಗೆ ಫೋನ್ ಮಾಡುವುದು ಆ ಅಳಿಯನೊಬ್ಬನೇ, ಅದೂ ತಂಡದ ಕಷ್ಟ ಹೇಳಿಕೊಳ್ಳಲು.

ಆ ದಿನ ಖಾಲಿ ಟಿಫಿನ್ ಡಬ್ಬಿ ಹಿಡಿದುಕೊಂಡು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಡಬ್ಬಿ ತೊಳೆಯುತ್ತಿದ್ದವಳು ನೀರು ನಿಲ್ಲಿಸಿದಳು.

"ಅಲ್ಲ, ನೀವು ನೋಡುವುದು ಹೋದ ಭಾನುವಾರ ಆಡಿ ಮುಗಿದ ಆಟ ಅಲ್ವಾ?"

"ಹೌದು."

"ಮತ್ತೆ ರಿಮೋಟಲ್ಲಿ ನಿಲ್ಲಿಸ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಾಲ್ಕು ಗಂಡಸರು ಉಂಟಲ್ಲ, ಒಬ್ಬನಿಗಾದ್ರೂ ತಲೆ ಬೇಡ್ವಾ? ಆಟ ರೆಕಾರ್ಡಿಂಗು ಮಾರಾಯ್ರೇ, ಲೈವ್ ಇದ್ದದ್ದು ಆ ಹುಡುಗಿ ಅಳುವುದು ಒಂದೇ!"

ಈ ಮಾತನ್ನು ಬಾಸ್‌ಗೆ ಹೇಳಲು ನನಗೆ ಇವತ್ತಿನವರೆಗೂ ಬಾಯಿ ಬಂದಿಲ್ಲ.