ಎಮ್ರಿಸನ ಬ್ಲಾಗಿಗೆ ಓದುಗರು ಬಂದದ್ದು

ಬ್ರಿಟನ್ ದೇಶವು ಯುರೋಪಿನ ಒಕ್ಕೂಟ ಬಿಟ್ಟು ಹೊರಗೆ ಕಾಲಿಡದಂತೆ ತಡೆದೇ ತೀರುತ್ತೇನೆಂದು ಎಮ್ರಿಸ್ ಶಪಥ ಮಾಡಿದ್ದ. ಲಂಡನ್ನಿನ ಪಾರ್ಲಿಮೆಂಟಿನಿಂದ ಆಗದ ಆ ಕೆಲಸ ವೇಲ್ಸಿನ ಹಳೇ ಕಲ್ಲಿದ್ದಲ ಕಣಿವೆಯೊಂದರ ಅಡುಗೆಮನೆಯಿಂದ ಆಗುವುದಿತ್ತು. ಎಮ್ರಿಸ್ ಇತಿಹಾಸದ ನಿವೃತ್ತ ಮೇಷ್ಟ್ರು. ಅವನ ಸೈನ್ಯ, ಆಯುಧ, ಕೋಟೆ ಎಲ್ಲ ಒಂದೇ ಬ್ಲಾಗು. ಅದಕ್ಕೆ ಖಾಯಂ ಓದುಗರೆಂದರೆ ಬೆಲ್ಜಿಯಮ್ಮಿನಲ್ಲಿದ್ದ ಒಬ್ಬ ಹಲ್ಲಿನ ಡಾಕ್ಟರು ಮತ್ತು ಸ್ವತಃ ಎಮ್ರಿಸ್.

ಜನರ ಮತದಾನದಲ್ಲಿ ತೀರ್ಮಾನವಾದಂತೆ ಹೊರಬೀಳುವ ಗಡುವು ಹತ್ತಿರವಾಗುತ್ತಿದ್ದಂತೆ ಅವನ ಆವೇಶ ಏಣಿ ಹತ್ತಿತು. ಮಹಡಿ ಕಿಟಕಿಗೆ ಒಕ್ಕೂಟದ ನಕ್ಷತ್ರಗಳ ನೀಲಿ ಬಾವುಟ ಕಟ್ಟಲು ಹೋದ. ಬಾವುಟ ಮೇಲುಳಿಯಿತು, ಎಮ್ರಿಸ್ ಕೆಳಗೆ ಬಂದ. ಒಕ್ಕೂಟಕ್ಕಾಗಿ ರಕ್ತ ಸುರಿಸಿದ ಮೊದಲ ಮೇಷ್ಟ್ರು ತಾನೇ ಎಂದು ಆಸ್ಪತ್ರೆಯಲ್ಲಿ ಹೇಳಿಕೊಂಡ. ರಕ್ತ ಬಂದಿಲ್ಲ, ಮಣಿಕಟ್ಟಿನ ಮೂಳೆ ಮಾತ್ರ ಮುರಿದಿದೆ ಎಂದು ನರ್ಸ್ ತಿದ್ದಿದಳು.

ಬಲಗೈಗೆ ಪ್ಲಾಸ್ಟರ್ ಬಿದ್ದ ಮೇಲೂ ಹೋರಾಟ ನಿಲ್ಲಲಿಲ್ಲ. ಬಾಯಲ್ಲಿ ಹೇಳಿದ್ದನ್ನು ಫೋನೇ ಬರೆದುಕೊಳ್ಳುವ ವ್ಯವಸ್ಥೆ ಮಾಡಿಕೊಂಡ. ಕೊನೆಯಲ್ಲಿ "ಪ್ರಕಟಿಸು" ಎಂದರೆ ಸಾಕು, ಬರಹ ಜಗತ್ತಿಗೆ ಹೋಗುತ್ತಿತ್ತು. ಫೋನಿಗೆ ಕಿವಿ ಸ್ವಲ್ಪ ಮಂದ. "ಯುರೋಪಿನ ಒಕ್ಕೂಟ" ಎಂದರೆ "ಯುರೋಪಿನ ಊಟ" ಎಂದು ಬರೆಯುತ್ತಿತ್ತು. ಒಂದು ವಾರ ಅವನು ಊಟಕ್ಕಾಗಿಯೇ ಹೋರಾಡಿದ.

ಆ ಭಾನುವಾರ ಒಲೆಯಲ್ಲಿ ಕುರಿಮಾಂಸ ಬೇಯುತ್ತಿತ್ತು. ಹೆಂಡತಿ ನೆಸ್ಟಾ ಆಲೂಗಡ್ಡೆ ಸುಲಿಯುತ್ತಿದ್ದಳು. ಎಮ್ರಿಸ್ ಊರಾಚೆಯ, ಮುಚ್ಚುವ ಹಾದಿಯಲ್ಲಿದ್ದ ಕಾರಿನ ಬಿಡಿಭಾಗಗಳ ಕಾರ್ಖಾನೆಯ ಬಗ್ಗೆ ಫೋನಿಗೆ ಹೇಳತೊಡಗಿದ. ಹೊರಗೆ ಹೋಗಲು ಮತ ಹಾಕಿದವರ ಕೆಲಸವೇ ಈಗ ಹೊರಗೆ ಹೋಗಲಿದೆ, ಅಳುವವರು ಕನ್ನಡಿ ಮುಂದೆ ನಿಂತು ಅಳಲಿ ಎಂದ. ಆ ಸಾಲು ಅವನಿಗೇ ಬಹಳ ಹಿಡಿಸಿತು. ಇನ್ನೊಮ್ಮೆ ಹೇಳಿದ.

ನೆಸ್ಟಾಳ ಚಾಕು ನಿಂತಿತು. "ಗೆಥಿನ್ ಕೆಲಸ ಹೋಗಿದೆ," ಎಂದಳು. "ಬೇಸಿಗೇಲೇ ಹೋಯ್ತು."

ಗೆಥಿನ್ ಅವಳ ತಮ್ಮ, ಅದೇ ಕಾರ್ಖಾನೆಯಲ್ಲಿದ್ದವನು. ಮೊನ್ನೆ ತಾನೇ ಊಟದ ಡಬ್ಬಿ ಹಿಡಿದು ಕಾರು ಹತ್ತಿದ್ದನ್ನು ನೋಡಿದೆನಲ್ಲ ಎಂದ ಎಮ್ರಿಸ್. ನೆಸ್ಟಾ ಎಲ್ಲ ಹೇಳಿದಳು. ಗೆಥಿನ್ ದಿನವೂ ಹಾಗೇ ಹೊರಟು, ಬೆಟ್ಟದ ಮೇಲಿನ ಕೆರೆಯ ಹತ್ತಿರ ಸಂಜೆವರೆಗೆ ಕಾರಿನಲ್ಲಿ ಕೂತಿದ್ದು ಬರುತ್ತಾನೆ. ಹೆಂಡತಿ ಲೋವ್ರಿಗೆ ಏನೂ ಗೊತ್ತಿಲ್ಲ. ಮತದಾನದ ಕಾಲದಲ್ಲಿ ಸಂತೆಬೀದಿಯಲ್ಲಿ ನಿಂತು 'ಹೊರಗೆ ಹೋಗೋಣ' ಎಂದು ಕೂಗಿದವನು ಅವನು. ನನ್ನ ಕೆಲಸಕ್ಕೇನೂ ಆಗಲ್ಲ ಎಂದು ಲೋವ್ರಿಯ ತಲೆ ಮುಟ್ಟಿ ಹೇಳಿದ್ದ. ಈಗ ಯಾವ ಮುಖ ಇಟ್ಟುಕೊಂಡು ಹೇಳುತ್ತಾನೆ?

ಅಲ್ಲಿಗೆ ಸುಮ್ಮನಾಗಿದ್ದರೆ ಮನುಷ್ಯ. ಎಮ್ರಿಸ್ ಮೇಷ್ಟ್ರು.

"ನಾನು ಆವತ್ತೇ ಹೇಳಿದ್ದೆ," ಎಂದ.

"ಹೇಳಿದ್ದೆ, ಮಾರಾಯ. ನೀನು ಗೆದ್ದೆ, ನನ್ನ ತಮ್ಮ ಸೋತ. ಹೋಗು, ಇದನ್ನೂ ಪ್ರಕಟಿಸು."

ಎಲ್ಲೋ ಟಿಣ್ ಎಂದಿತು. ಒಲೆಯ ಗಂಟೆ ಎಂದುಕೊಂಡು ನೆಸ್ಟಾ ಮಾಂಸ ಹೊರಗೆ ತೆಗೆದಳು. ಅರ್ಧ ಬೆಂದದ್ದನ್ನೇ ಇಬ್ಬರೂ ಅಗಿದರು.

ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಎಮ್ರಿಸನನ್ನು ಫೋನು ಬಡಿದೆಬ್ಬಿಸಿತು. ಬ್ಲಾಗಿಗೆ ನೂರಾರು ಜನ ನುಗ್ಗಿದ್ದರು. ಕಣಿವೆ ಎಚ್ಚೆತ್ತಿತು ಎಂದು ಅವನ ಎದೆ ಉಬ್ಬಿತು. ತೆರೆದು ನೋಡಿದರೆ, ಕಾರ್ಖಾನೆಯಿಂದ ಶುರುವಾಗಿ ಗೆಥಿನ್‌ನ ಡಬ್ಬಿಯವರೆಗೆ ಎಲ್ಲ ಅಲ್ಲಿತ್ತು. ಜೀವಮಾನದಲ್ಲಿ ಮೊದಲ ಬಾರಿ ಆ ಫೋನು ಒಂದಕ್ಷರ ತಪ್ಪದೆ ಕೇಳಿಸಿಕೊಂಡಿತ್ತು. ಅಳಿಸಲು ಹೋದ ಎಡಗೈ ಹೆಬ್ಬೆರಳು ಗಡಿಬಿಡಿಯಲ್ಲಿ ಅದನ್ನು ಪರಿಚಯದವರಿಗೆಲ್ಲ ಇನ್ನೊಮ್ಮೆ ಕಳಿಸಿತು. ನೆಸ್ಟಾ ಫೋನು ಕಿತ್ತುಕೊಂಡು ಅಳಿಸುವ ಹೊತ್ತಿಗೆ ಚರ್ಚಿನ ಚಹಾಕೂಟದಲ್ಲಿ ಯಾರೋ ಪುಣ್ಯಾತ್ಗಿತ್ತಿ ಲೋವ್ರಿಯ ಮುಂದೆಯೇ ಅದನ್ನು ಓದಿಯಾಗಿತ್ತು.

ನೆಸ್ಟಾ ಕಾರು ಓಡಿಸಿದಳು. ತಮ್ಮನ ಮನೆಯ ಬಾಗಿಲಲ್ಲಿ ಲೋವ್ರಿ ಕೋಟು ಹಾಕಿಕೊಂಡೇ ನಿಂತಿದ್ದಳು. ತಾನು ಬರುವಷ್ಟರಲ್ಲಿ ಗೆಥಿನ್ ಫೋನನ್ನು ಮೇಜಿನ ಮೇಲೆ ಬಿಟ್ಟು ಹೊರಟುಹೋಗಿದ್ದಾನೆ, ಎಲ್ಲಿಗೋ ತಿಳಿಯದು ಎಂದಳು. ನೆಸ್ಟಾ ಕಾರಿನ ಹಿಂದಿನ ಬಾಗಿಲು ತೆರೆದಳು. ಬೆಟ್ಟ ಹತ್ತುವಾಗ ಮೂವರ ತಲೆಯಲ್ಲೂ ಒಂದೇ ಯೋಚನೆ ಇತ್ತು.

ಕೆರೆಯ ಬಳಿ ಅವನ ಕಾರು ಖಾಲಿಯಾಗಿತ್ತು. ಬಾಗಿಲು ತೆರೆದೇ ಇತ್ತು. ಜೀವನಪೂರ್ತಿ ಮಾತಾಡಿದ ಎಮ್ರಿಸನ ಬಾಯಿಗೆ ಭಾವಮೈದನ ಹೆಸರು ಕೂಗಲೂ ಆಗಲಿಲ್ಲ.

ಲೋವ್ರಿಯೇ ಮೊದಲು ಕಂಡಳು. ಗೆಥಿನ್ ಕೆಳಗಡೆ, ಏರಿಯ ಕಲ್ಲುಗೋಡೆಯ ಮೇಲೆ ನೀರಿನತ್ತ ಕಾಲು ಇಳಿಬಿಟ್ಟು ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಅವನ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಗಾಳಿ ಅವರ ಮಾತನ್ನು ಮೇಲೆ ತರುತ್ತಿತ್ತು.

"ದಿನಾ ಕಟ್ಟಿಕೊಟ್ಟಿದ್ದು ತಿಂತಿದ್ಯಾ?"

"ಗಂಟಲಲ್ಲಿ ಇಳೀತಿರ್ಲಿಲ್ಲ. ಬಾತುಗಳಿಗೆ ಹಾಕ್ತಿದ್ದೆ."

"ಹಂದಿಮಾಂಸದ ಹ್ಯಾಮೂ?"

"ಹ್ಯಾಮೂ."

ಲೋವ್ರಿ ಅವನ ಬೆನ್ನಿಗೆ ಗುದ್ದಿದಳು, ಒಂದಾದ ಮೇಲೊಂದು. ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿ ಅತ್ತಳು. ಗೆಥಿನ್ ಕಾಲನ್ನು ಗೋಡೆಯ ಈಚೆಗೆ ಎಳೆದುಕೊಂಡ.

ಎಮ್ರಿಸ್ ಕೆಳಗಿಳಿದು ತಪ್ಪಾಯಿತು ಎಂದ, ಬ್ಲಾಗು ಮುಚ್ಚುತ್ತೇನೆ ಎಂದ. ಗೆಥಿನ್ ತಲೆ ಎತ್ತಲಿಲ್ಲ. ಇವತ್ತು ಮಾತು ಬೇಡ, ಮನೆಗೆ ಹೋಗು ಎಂದಷ್ಟೇ ಹೇಳಿದ. ಕ್ಷಮಿಸಿದೆ ಎಂದು ಹೇಳಲಿಲ್ಲ. ಎಮ್ರಿಸನೂ ಕೇಳುವ ಧೈರ್ಯ ಮಾಡಲಿಲ್ಲ.

ಲೋವ್ರಿ ಗಂಡನ ಕಾರಿನಲ್ಲೇ ಹೋದಳು. ಇವರಿಬ್ಬರೂ ಬೆಟ್ಟ ಇಳಿದರು. ನೆಸ್ಟಾಳ ಮುಖ ಕಲ್ಲಾಗಿತ್ತು. ಆ ಮೌನ ತಡೆಯಲಾರದೆ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಎಮ್ರಿಸ್ ಒಂದು ಸಮಾಧಾನ ಹುಡುಕಿ ತೆಗೆದ.

"ಏನೇ ಆಗ್ಲಿ, ನೆಸ್ಟಾ, ಆವತ್ತು ನಮ್ಮನೆ ಎರಡು ಮತ ಆದ್ರೂ ಸರಿಯಾದ ಕಡೆಗೆ ಬಿತ್ತಲ್ಲ."

"ಒಂದು," ಎಂದಳು ನೆಸ್ಟಾ.

ಎಮ್ರಿಸ್ ತಿರುಗಿ ನೋಡಿದ. ಅವಳ ಕಣ್ಣು ರಸ್ತೆಯ ಮೇಲೇ ಇತ್ತು.

"ಆವತ್ತು ಬೆಳಗ್ಗಿಂದ ರಾತ್ರಿವರೆಗೂ ಮನೆಮನೆ ಬಾಗ್ಲಿಗೂ ನಿನ್ನ ಕರಪತ್ರ ಹಾಕ್ಕೊಂಡು ಬಂದಿದ್ದು ಯಾರು? ಎಲ್ಲಾ ಮುಗಿಸಿ ಹೋಗೋಷ್ಟರಲ್ಲಿ ಮತಗಟ್ಟೆ ಬಾಗ್ಲು ಹಾಕಿತ್ತು."