ಒಬ್ಬನೇ ಹೋಗಿ ತಂದ ವಜ್ರದುಂಗುರ

ಒಡವೆ ಅಂಗಡಿಗೆ ಒಬ್ಬನೇ ಹೋಗಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವವರಿದ್ದಿದ್ದರೆ ಒಬ್ಬನೇ ಯಾಕೆ ಹೋಗುತ್ತಿದ್ದೆ ಅನ್ನುವುದು ಬೇರೆ ಮಾತು. ನಮ್ಮ ಚಾಮರಾಜನಗರದ ಕಡೆ ಒಂದು ಮೂಗುಬೊಟ್ಟು ಕೊಳ್ಳುವುದಕ್ಕೂ ಆಟೋ ತುಂಬ ಜನ ಬರುತ್ತಾರೆ. ಸೋದರಮಾವ ಬೆಲೆ ಕೇಳಿ ಮುಖ ಸಿಂಡರಿಸಬೇಕು, ದೊಡ್ಡಮ್ಮ ‘ನಮ್ ಕಾಲದ್ದೇ ವಾಸಿ’ ಅನ್ನಬೇಕು, ಅತ್ತಿಗೆ ತನ್ನ ಮೂಗಿಗೇ ಹಿಡಿದು ಕನ್ನಡಿ ನೋಡಿಕೊಳ್ಳಬೇಕು, ಅಂಗಡಿಯವನು ಎಲ್ಲರಿಗೂ ಟೀ ತರಿಸಬೇಕು. ಆಗಲೇ ಅದು ವ್ಯಾಪಾರ. ಒಬ್ಬನೇ ಹೋದ ನನಗೆ ಬಾಗಿಲಲ್ಲೇ, “ಅಡ ಇಡೋದು ಆ ಕಡೆ ಕೌಂಟರು ಸಾರ್” ಎಂದು ದಾರಿ ತೋರಿಸಿದರು.

ನಾನು ಹರದನಹಳ್ಳಿಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ವಯಸ್ಸು ನಲವತ್ತು ದಾಟಿದೆ. ಅಪ್ಪ ಅಮ್ಮ ಹೋಗಿ ಬಹಳ ಕಾಲವಾಯಿತು, ಒಡಹುಟ್ಟಿದವರಿಲ್ಲ. ಪೇಟೆಯಲ್ಲಿರುವ ನನ್ನ ರೂಮಿನಲ್ಲಿ ಎರಡು ಲೋಟಗಳಿವೆ. ಒಂದನ್ನು ತೊಳೆಯುವ ಪ್ರಸಂಗವೇ ಬಂದಿಲ್ಲ. ಇಂಥವನನ್ನು ಗುಂಡ್ಲುಪೇಟೆಯ ಶಶಿಕಲಾ ಒಪ್ಪಿಬಿಟ್ಟರು. ಅವರು ಅಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾರೆ. ಹೆಣ್ಣು ನೋಡುವ ದಿನ ಅವರ ಕಡೆ ಜಗಲಿ ತುಂಬ ಜನ, ನನ್ನ ಕಡೆ ನಾನು ಮತ್ತು ನನ್ನ ಹೆಲ್ಮೆಟ್ಟು. ಅವರ ಚಿಕ್ಕಮ್ಮ ಬೀದಿಗೆ ಬಗ್ಗಿ ನೋಡಿ, “ಮಿಕ್ಕೋರು ಇಂದ್ಗಡೆ ಬತ್ತಾವ್ರಾ?” ಎಂದು ಕೇಳಿದರು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ನಿಶ್ಚಿತಾರ್ಥದ ದಿನ ಬಳಗವನ್ನಂತೂ ತೋರಿಸಲಾರೆ, ವಜ್ರವನ್ನಾದರೂ ತೋರಿಸೋಣ ಎಂದು ಹೊರಟವನು ನಾನು.

ಅಂಗಡಿಯ ಹುಡುಗಿ ಮೊದಲು ಉದ್ದಿನಕಾಳಿನಷ್ಟು ಕಲ್ಲು ತೋರಿಸಿದಳು. ನನ್ನ ಬಜೆಟ್ಟು ಹೇಳಿದೆ. ಕಲ್ಲು ಸಾಸಿವೆಗೆ ಇಳಿಯಿತು. ಇನ್ನೂ ಸ್ವಲ್ಪ ಕಡಿಮೆಯದು ಎಂದೆ. ಈ ಸಲ ತಂದ ಉಂಗುರದಲ್ಲಿ ವಜ್ರ ಎಲ್ಲಿದೆ ಎಂದು ಅವಳೇ ಪೆನ್ನಿನ ತುದಿಯಿಂದ ತೋರಿಸಬೇಕಾಯಿತು. ಪಕ್ಕದಲ್ಲಿ ಉಡಿಗಾಲದಿಂದ ಬಂದಿದ್ದ ಸಂಸಾರವೊಂದು ಮದುವೆಯ ಒಡವೆ ನೋಡುತ್ತಿತ್ತು. ಅವರಲ್ಲೊಬ್ಬ ಅಜ್ಜಿ ನನ್ನ ಉಂಗುರ ಕಿತ್ತುಕೊಂಡು, “ಎಲ್ಲದಪ್ಪ ಕಲ್ಲು? ಉದುರೋಗದೆ, ಉಡುಕ್ರಲಾ!” ಎಂದು ಗದರಿದರು. ಅವರ ಕಡೆಯವರೆಲ್ಲ ಬಗ್ಗಿ ನೆಲದಲ್ಲಿ ಹುಡುಕಿದರು. ಅಷ್ಟು ಹೊತ್ತು ನನಗೂ ಒಂದು ಬಳಗವಿತ್ತು. ಅವರಿಗೆ ಬಂದ ಟೀಯಲ್ಲಿ ನನಗೂ ಒಂದು ಲೋಟ ಸಿಕ್ಕಿತು. ಆಮೇಲೆ ಅವರು ಎದ್ದು ಹೊರಟರು. ಖಾಲಿಯಾದ ಸ್ಟೂಲುಗಳ ಪಕ್ಕ ಕೂತಿದ್ದ ನನಗೆ ತುಂಬ ಬೇಸರವಾಯಿತು.

“ಬೆರಳಿನ ಅಳತೆ ಕೊಡಿ ಸಾರ್. ಗಂಡಿನ ಕಡೆ ಹೆಂಗಸರು ಹೋಗಿ ತಗೊಂಡಿರ್ತಾರಲ್ಲ” ಎಂದಳು ಹುಡುಗಿ.

ವೃತ್ತ, ಪರಿಧಿ ಎಂದು ವರ್ಷಗಟ್ಟಲೆ ಬೋರ್ಡು ತುಂಬಿಸಿದವನಿಗೆ ಬೆರಳಿಗೂ ಒಂದು ಪರಿಧಿ ಇರುತ್ತದೆಂದು ಹೊಳೆದಿರಲಿಲ್ಲ. ಬೇರೆ ದಾರಿ ಕಾಣದೆ ಶಶಿಕಲಾಗೆ ಫೋನು ಮಾಡಿದೆ. ಅದುವರೆಗೆ ನಾವು ನೆಟ್ಟಗೆ ಮಾತಾಡಿದವರೇ ಅಲ್ಲ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಅಳ್ತೆ ಕಳ್ಸಿದ್ನಲ್ಲ? ನಮ್ ಮಾವ ಬೆಟ್ಟದ ಪ್ರಸಾದ ತಂದ್ಕೊಟ್ರಲ್ವಾ, ಅದ್ರೊಳ್ಗೆ ಅರಿಶಿನದ ದಾರ ಇರ್ನಿಲ್ವಾ?”

ಇತ್ತು. ವಿಭೂತಿ, ಒಣಗಿದ ಹೂವಿನ ಜೊತೆ ಒಂದು ತುಂಡು ಅರಿಶಿನದ ದಾರ. ದೇವರ ದಾರವೆಂದು ಮುಂಗೈಗೆ ಕಟ್ಟಿಕೊಳ್ಳಲು ನೋಡಿದ್ದೆ, ಸುತ್ತು ಬರಲಿಲ್ಲ. ದೇವಸ್ಥಾನದವರೂ ಜಿಪುಣರಾದರಲ್ಲ ಎಂದುಕೊಂಡು ಬೈಕಿನ ಕೀಲಿಗೆ ಬಿಗಿದಿದ್ದೆ. ದಿನಾ ಬೆಳಿಗ್ಗೆ ಅದನ್ನು ಕಣ್ಣಿಗೆ ಒತ್ತಿಕೊಂಡೇ ಬೈಕು ಹತ್ತುತ್ತಿದ್ದೆ. ಈಗಲೂ ಅದು ನನ್ನ ಕೈಯಲ್ಲೇ ಇತ್ತು.

ವಿಷಯ ಹೇಳಿದೆ. ಆ ಕಡೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಮನೇಲಿ ಯಾರ್ಗಾರ ತೋರ್ಸಿದ್ರೆ ಯೋಳೋರು...” ಎಂದವರು ಅಲ್ಲಿಗೇ ನಿಲ್ಲಿಸಿದರು.

“ತೋರಿಸೋಕೆ ಯಾರೂ ಇಲ್ಲ” ಎಂದೆ. ಒಡವೆ ಅಂಗಡಿಯಲ್ಲಿ ನಿಂತು ಅಷ್ಟೊಂದು ನಿಜ ಹೇಳಬಾರದಿತ್ತು.

“ಗೊತ್ತು ಕಣ್ರೀ” ಎಂದರು ಮೆಲ್ಲಗೆ. “ಅಳ್ತೆ ತಗಳಕ್ಕೆ ನಿಮ್ ಕಡೆಯಿಂದ ಯಾರ್ ಬತ್ತಾರೆ ಅಂತ್ಲೇ ನಾನೇ ಅಳ್ದು ಕಳ್ಸ್‌ಬುಟ್ಟೆ.”

ಹಲ್ಲಿನಿಂದ ಗಂಟು ಬಿಚ್ಚಿ ದಾರವನ್ನು ಹುಡುಗಿಯ ಕೈಗಿಟ್ಟೆ.

ನಿಶ್ಚಿತಾರ್ಥದ ದಿನ ಉಂಗುರ ಬೆರಳಿನಲ್ಲಿ ನಿಲ್ಲದೆ ಗಿರಕಿ ಹೊಡೆಯಿತು. “ನನ್ ಅಳ್ತೆ ತಪ್ಪಿಲ್ಲ, ನೀವ್ ಕೀಲಿಗೆ ಕಟ್ಟಿ ಎಳ್ದಿರೋದು” ಎಂದು ಪಿಸುಗುಟ್ಟಿ, ಶಶಿಕಲಾ ಅಂಗಡಿಯಿಂದ ವಾಪಸು ತಂದು ಮತ್ತೆ ಕೀಲಿಗೇ ಕಟ್ಟಿದ್ದ ಅದೇ ದಾರವನ್ನು ನನ್ನಿಂದ ಇಸಿದುಕೊಂಡು ಉಂಗುರದ ಅಡಿಗೆ ಅಚ್ಚುಕಟ್ಟಾಗಿ ಸುತ್ತಿ ಹಾಕಿಕೊಂಡರು. ಚಿಕ್ಕಮ್ಮ ಆ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ದಾರ ಎಷ್ಟ್ ಚೆಂದಾಗಿ ಸುತ್ತವಳೆ!” ಎಂದರು. ವಜ್ರದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನನ್ನ ಕಡೆಯವರು ಎಲ್ಲಿ ಎಂದೂ ಯಾರೂ ಕೇಳಲಿಲ್ಲ.

ಮದುವೆಗೆ ಇನ್ನೂ ಕೆಲವು ತಿಂಗಳಿವೆ. ದಾರ ಗುಂಡ್ಲುಪೇಟೆಯಲ್ಲಿದೆ, ನಾನು ಇಲ್ಲಿ. ಬೆಳಿಗ್ಗೆ ಕೀಲಿಯನ್ನು ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ಮಾತ್ರ ಹೋಗಿಲ್ಲ. ಬರೀ ಕೀಲಿ ಚುಚ್ಚುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಯಾರಾದರೂ ಕೇಳಿದರೆ ಕೀಲಿ ಚುಚ್ಚಿತು ಎನ್ನುವುದೆಂದು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೇನೆ. ರೂಮಿನಲ್ಲಿ ಕೇಳುವವರು ಯಾರೂ ಇಲ್ಲ. ಆದರೂ ಮೇಷ್ಟ್ರಾದವನ ಹತ್ತಿರ ಉತ್ತರ ಇರಬೇಕಲ್ಲ.