ಸಿಕ್ಕಿದ್ದೆಲ್ಲ ಚೀಲಕ್ಕೆ

ಐದು ಜನ ದೊಡ್ಡವರು ಒಂದೇ ಪರದೆಯ ಮುಂದೆ ಕೂತು ಆಟ ಆಡಿದರೆ ಏನಾದರೊಂದು ಆಗದೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಅದು ಭಾನುವಾರ ಭಾನುವಾರ ಆಗುತ್ತದೆ, ಕೆಲವು ಸಲ ವಾರದ ನಡುವೆಯೂ ಆಗುತ್ತದೆ.

ಆಟವೆಂದರೆ ಕ್ರಿಕೆಟ್ಟಲ್ಲ, ಇಸ್ಪೀಟಲ್ಲ. ಕಂಪ್ಯೂಟರಿನ ಹಳೇ ಕಾಲದ ಸಾಹಸದ ಆಟಗಳು. ಪರದೆಯ ಮೇಲೆ ಒಬ್ಬ ನಾಯಕ ನಿಂತಿರುತ್ತಾನೆ. ಮೌಸಿನಿಂದ ಎಲ್ಲಿ ಒತ್ತುತ್ತೇವೋ ಅಲ್ಲಿಗೆ ನಡೆದು ಹೋಗುತ್ತಾನೆ. ಕಂಡವರನ್ನೆಲ್ಲ ಮಾತಾಡಿಸುತ್ತಾನೆ, ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಹಗ್ಗ, ಸೌಟು, ಒಣಮೀನು, ಏನನ್ನೂ ಬಿಡುವ ಹಾಗಿಲ್ಲ. ಮುಂದೆ ಎಲ್ಲೋ ಒಂದು ಬಾಗಿಲು ಮುಚ್ಚಿರುತ್ತದೆ, ಅದನ್ನು ತೆರೆಸುವುದಕ್ಕೆ ಆ ಒಣಮೀನೇ ಬೇಕಾಗಿರುತ್ತದೆ. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ. ಕೂತು ಯೋಚನೆ ಮಾಡುವುದು, ಜಗಳ ಆಡುವುದು, ಮತ್ತೆ ಯೋಚನೆ ಮಾಡುವುದು. ನನ್ನ ಮಟ್ಟಿಗೆ ಮನುಷ್ಯ ಕಂಡುಹಿಡಿದ ಆಟಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ನಾನು ರಬಾಳೆಯ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಮೆಷಿನ್‌ಗಳ ರಿಪೇರಿ ನೋಡಿಕೊಳ್ಳುವವನು. ಮನೆ ಡೊಂಬಿವಲಿ. ಕಾಲೇಜಿನಲ್ಲಿದ್ದಾಗ ಆಡುತ್ತಿದ್ದ ಆಟಗಳು ಹೊಸ ಕಂಪ್ಯೂಟರಿಗೂ ಹೊಂದುವ ಹಾಗೆ ಮತ್ತೆ ಬಂದಿವೆ ಎಂದು ತಿಳಿದು, ಒಂದನ್ನು ತಂದು ಟಿವಿಗೆ ಜೋಡಿಸಿದೆ. ಮೊದಲು ಬಂದು ಪಕ್ಕದಲ್ಲಿ ಕೂತವಳು ನನ್ನ ಹೆಂಡತಿ. ಅವಳು ಮಕ್ಕಳಿಗೆ ಟ್ಯೂಷನ್ ಹೇಳುವವಳು, ತಪ್ಪು ಕಂಡರೆ ಬಾಯಿ ಮುಚ್ಚಿ ಕೂರಲಾರಳು. ಅವಳ ಹಿಂದೆ ಅವಳ ಸೋದರಮಾವ ಬಂದರು. ಠಾಣೆಯಲ್ಲಿ ಉಡುಪಿ ಹೋಟೆಲ್ ನಡೆಸುವ ಅವರನ್ನು ನಾವು ಹೋಟೆಲ್ ಮಾಮ ಎನ್ನುತ್ತೇವೆ. ನಾಲ್ಕನೆಯವರು ಕಲ್ಯಾಣದ ಕಾಕಾ. ಹುಬ್ಬಳ್ಳಿಯವರು, ಲೋಕಲ್ ಟ್ರೇನ್ ಓಡಿಸುವ ಮೋಟರ್‌ಮನ್ ಆಗಿದ್ದು ನಿವೃತ್ತರಾದವರು. ಕೊನೆಗೆ ಸೇರಿದವರು ವಾಶಿಯ ವಕೀಲೆ, ಬೆಂಗಳೂರಿನ ಹೆಣ್ಣುಮಗಳು. ನಮ್ಮ ಹೌಸಿಂಗ್ ಸೊಸೈಟಿಯ ಕೇಸೊಂದರ ಕಾಗದ ಕೊಡಲು ಬಂದವರು ಟಿವಿ ನೋಡಿ ಅಲ್ಲೇ ಕೂತುಬಿಟ್ಟರು.

ಅಜ್ಜಿಯ ಕೊಡೆ

ಮೊದಲ ಆಟದಲ್ಲೇ ಎಡವಟ್ಟಾಯಿತು. ನಾಯಕ ಒಂದು ಹಳ್ಳಿಗೆ ಬಂದಿದ್ದ. ಅಲ್ಲೊಬ್ಬ ಅಜ್ಜಿ ಬಾಗಿಲಲ್ಲಿ ಕೂತು ನಿದ್ದೆ ಮಾಡುತ್ತಿದ್ದಳು. ಅವಳ ಪಕ್ಕದಲ್ಲಿ ಕೊಡೆ. ಆ ಕೊಡೆ ಬಿಚ್ಚಿ ಹಿಡಿದರೆ ನಾಯಕ ಗುಡ್ಡದ ಮೇಲಿಂದ ಹಾರಿ ಕೋಟೆಯೊಳಗೆ ಇಳಿಯಬಹುದು ಎನ್ನುವುದು ನಮಗೆಲ್ಲ ಗೊತ್ತಾಗಿತ್ತು. ಆದರೆ ಮೌಸ್ ಕಾಕಾ ಅವರ ಕೈಯಲ್ಲಿತ್ತು.

"ಕೇಳದ ಹೆಂಗ ತಗೋಳೂದು?" ಎಂದರು ಕಾಕಾ.

ಇದು ಆಟ, ಕಾಕಾ, ಎಂದೆ. ಆಟ ಆದರೂ ಮುದುಕಿ ಮುದುಕಿಯೇ ಎಂದರು. ಸರಿ, ಅಜ್ಜಿಯನ್ನು ಎಬ್ಬಿಸಿ ಕೇಳಿದೆವು. ಸತ್ತುಹೋದ ಗಂಡನ ಕೊಡೆ, ಕೊಡುವುದಿಲ್ಲ ಎಂದು ಅವಳು ಹೇಳಿದಳು. ಅದನ್ನು ಕೇಳಿದ ಮೇಲಂತೂ ಕಾಕಾ ಮೌಸನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ದಾರಿ ನೋಡಿ ಎಂದುಬಿಟ್ಟರು. ಬೇರೆ ದಾರಿ ಇರಲಿಲ್ಲ. ಆ ಭಾನುವಾರ ಹಾಗೇ ಹೋಯಿತು.

ಮುಂದಿನ ವಾರ ವಕೀಲೆ ತಯಾರಾಗಿ ಬಂದರು. "ಕಾಕಾ, ವಾಪಸ್ ಕೊಡಬಾರದು ಅನ್ನೋ ಉದ್ದೇಶ ಇದ್ರೆ ಮಾತ್ರ ಅದು ಕಳ್ಳತನ. ನಾವು ಕೆಲಸ ಮುಗಿದ ಮೇಲೆ ಕೊಟ್ಟುಬಿಡ್ತೀವಲ್ವಾ?" ಎಂದರು. ಕಾಕಾ ಬಹಳ ಹೊತ್ತು ಯೋಚಿಸಿ ಒಪ್ಪಿದರು. ಅಡುಗೆಮನೆಯಲ್ಲಿ ವಕೀಲೆ ನನ್ನ ಹತ್ತಿರ, ಕೋರ್ಟಿನಲ್ಲಿ ಈ ವಾದ ಒಂದು ಗಳಿಗೆಯೂ ನಿಲ್ಲುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

ಕೋಟೆ ಗೆದ್ದೆವು, ಆಟ ಮುಗಿಯಿತು, ಎಲ್ಲರೂ ಚಹಾಕ್ಕೆ ಎದ್ದೆವು. ಕಾಕಾ ಏಳಲಿಲ್ಲ. ಹಿಂದೆ ಉಳಿಸಿಟ್ಟ ಜಾಗದಿಂದ ಆಟವನ್ನು ಮತ್ತೆ ತೆರೆಸಿ, ನಾಯಕನನ್ನು ನಡೆಸಿಕೊಂಡು ಹಳ್ಳಿಗೆ ಹೋದರು. ಕೊಡೆಯನ್ನು ಅಜ್ಜಿಗೆ ಕೊಟ್ಟು ನೋಡಿದರು. ಆಗುವುದಿಲ್ಲ ಎಂದ ನಾಯಕ. ಕುರ್ಚಿಯ ಮೇಲೆ ಇಟ್ಟು ನೋಡಿದರು, ಬಾಗಿಲಿಗೆ ಒರಗಿಸಿ ನೋಡಿದರು. ಆಗುವುದಿಲ್ಲ, ಆಗುವುದಿಲ್ಲ. ಚಹಾ ಆರಿಹೋಯಿತು. ಕಾಕಾ ಬೇಜಾರಿನಿಂದಲೇ ಕಲ್ಯಾಣದ ಗಾಡಿ ಹತ್ತಿದರು.

ಅಂದಿನಿಂದ ಹೊಸ ಆಟ ಯಾವುದೇ ಶುರುವಾಗಲಿ, ಕಾಕಾ ಮೌಸ್ ಮುಟ್ಟುವ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದರಾಗ ಮುದುಕ್ಯಾರು ಅದಾರೇನು?"

ಕಿಟಕಿ ಸೀಟು

ವಕೀಲೆಯ ಕೆಲಸ ಠಾಣೆಯ ಕೋರ್ಟಿನಲ್ಲಿ. ಸಂಜೆ ಠಾಣೆಯಿಂದ ವಾಶಿಗೆ ಹೋಗುವ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಗುವುದೆಂದರೆ ಕೇಸು ಗೆದ್ದ ಹಾಗೆ ಎಂದು ಅವರೇ ಹೇಳುತ್ತಾರೆ. ಆ ದಿನಗಳಲ್ಲಿ ನಾವು ಒಂದು ಕೊಲೆಯ ಆಟ ಆಡುತ್ತಿದ್ದೆವು. ಭಾನುವಾರ ಉತ್ತರ ಸಿಕ್ಕಿರಲಿಲ್ಲ. ಬುಧವಾರ ಗಾಡಿಯಲ್ಲಿ ನಿಂತಿದ್ದಾಗ ವಕೀಲೆಗೆ ಏನೋ ಹೊಳೆಯಿತು. ಕೂಡಲೇ ನನ್ನ ಹೆಂಡತಿಗೆ ಫೋನ್ ಮಾಡಿದರು. ಇಬ್ಬರೂ ಫೋನಿನಲ್ಲಿ ಹಿಂದಿಯಲ್ಲೇ ಮಾತಾಡುವುದು ರೂಢಿ.

ಹೆಣ ಇನ್ನೂ ಬಾವಿಯಲ್ಲೇ ಇದೆ, ಮೊದಲು ಅದನ್ನು ಮೇಲೆತ್ತಬೇಕಿತ್ತು, ಕಿಸೆ ನೋಡದೆ ಬಿಟ್ಟದ್ದು ನಮ್ಮ ತಪ್ಪು, ತೋಟದವನಿಗೆ ಅನುಮಾನ ಬಂದಿದೆ, ಅವನನ್ನು ಭಾನುವಾರ ನೋಡಿಕೊಳ್ಳೋಣ. ಇಷ್ಟು ಹೇಳಿ ತಲೆಯೆತ್ತಿದಾಗ ಎದುರಿನ ಸೀಟಿನಲ್ಲಿದ್ದ ಹೆಂಗಸು ಎದ್ದು ನಿಂತಿದ್ದಳು. ಕಿಟಕಿಯ ಪಕ್ಕದ ಸೀಟು. ವಕೀಲೆ ಥ್ಯಾಂಕ್ಸ್ ಹೇಳಿ ಕೂತರು. ಪಕ್ಕದಲ್ಲಿದ್ದವಳೂ ಎದ್ದಳು. ವಕೀಲೆ ಬ್ಯಾಗು ಇಟ್ಟರು.

ಮರುದಿನ ಅದೇ ಹೊತ್ತಿಗೆ ನನ್ನ ಹೆಂಡತಿಗೆ ಮತ್ತೆ ಫೋನ್ ಬಂತು. ಹೊಸದಾಗಿ ಏನೂ ಹೊಳೆದಿರಲಿಲ್ಲ, ಆದರೂ ಹೆಣದ ವಿಷಯ ಮೊದಲಿನಿಂದ ಇನ್ನೊಮ್ಮೆ ಮಾತಾಡಬೇಕು ಎಂದರು. ಆ ವಾರವೆಲ್ಲ ವಾಶಿಯವರೆಗೆ ಕಿಟಕಿ ಸೀಟು. ಅವರ ಆರೋಗ್ಯವೂ ಸುಧಾರಿಸಿತು.

ಮುಂದಿನ ವಾರ ಫೋನ್ ಕೈಗೆತ್ತಿಕೊಳ್ಳುತ್ತಿದ್ದಂತೆ, ಮೊದಲ ದಿನ ಎದ್ದು ಹೋಗಿದ್ದ ಅದೇ ಹೆಂಗಸು ಮೂವರು ಗೆಳತಿಯರನ್ನು ಕರೆದುಕೊಂಡು ಬಂದು ಸುತ್ತಲೂ ಕೂತಳು. ಆಟದ ಕೊಲೆಗಾರ ಸಿಕ್ಕನೇ, ತೋಟದವನ ಗತಿ ಏನಾಯಿತು ಎಂದು ಕೇಳಿದಳು. ಈಗ ಕೇಳುವವರೆಲ್ಲ ಕೂತಿರುತ್ತಾರೆ, ಹೇಳುವ ವಕೀಲೆ ನಿಂತಿರುತ್ತಾರೆ.

ತುಳು ಪಾಠ

ನನ್ನ ಹೆಂಡತಿ ಮತ್ತು ಹೋಟೆಲ್ ಮಾಮ ಆಟದ ನಡುವೆ ತುಳುವಿಗೆ ಇಳಿದುಬಿಡುತ್ತಾರೆ. ಗುಟ್ಟಿಗಲ್ಲ, ಉತ್ಸಾಹ ಬಂದಾಗ ಬಾಯಿಗೆ ಬರುವುದು ಅದೇ. ಕಾಕಾ ದೂರಲಿಲ್ಲ, ಕೂತಲ್ಲೇ ಕಲಿತರು. ಕೆಲವು ತಿಂಗಳಲ್ಲಿ ಅವರಿಗೆ ಆಟಕ್ಕೆ ಬೇಕಾದ ತುಳು ಪೂರ್ತಿ ಬಂತು. ತೂಲೆ ಎಂದರೆ ನೋಡಿ, ಪಾತೆರ್ಲೆ ಎಂದರೆ ಮಾತಾಡಿ, ದೆಪ್ಪುಲೆ ಎಂದರೆ ಎತ್ತಿಕೊಳ್ಳಿ. ಇಷ್ಟಿದ್ದರೆ ಯಾವ ಕೋಟೆಯನ್ನಾದರೂ ಗೆಲ್ಲಬಹುದು.

ಒಂದು ದಿನ ಕಾಕಾ ಠಾಣೆಯಲ್ಲಿ ಕೆಲಸವಿದ್ದು ಮಾಮನ ಹೋಟೆಲಿಗೆ ಹೋದರು. ಮಾಮ ಗಲ್ಲಾದಲ್ಲಿದ್ದರು. ಕಾಕಾ ಒಂದು ವಡೆ ತಿಂದರು, ಎರಡನೆಯದಕ್ಕೆ ಚಟ್ನಿ ಹಚ್ಚಿಕೊಂಡರು, ಇನ್ನೊಂದು ಪ್ಲೇಟ್ ಬೇಕೆನಿಸಿತು. ಸಪ್ಲೈಯರ್ ಉಡುಪಿ ಕಡೆಯವನೋ ಕಾರ್ಕಳದವನೋ, ಅವನ ಭಾಷೆಯಲ್ಲೇ ಕೇಳಿ ಖುಷಿಪಡಿಸೋಣ ಎಂದುಕೊಂಡು, ಗಟ್ಟಿಯಾಗಿ "ವಡೆ ದೆಪ್ಪುಲೆ" ಎಂದರು.

ಅವನು ಕಾರ್ಕಳದವನೇ. ಕೂಡಲೇ ಬಂದು ಕಾಕಾ ಅವರ ಎದುರಿದ್ದ ವಡೆಯನ್ನು ಪ್ಲೇಟಿನ ಸಮೇತ ಎತ್ತಿಕೊಂಡು ಹೋದ.

ಮರಳಿನಲ್ಲಿ ಹಡಗು

ನಮ್ಮಲ್ಲಿ ಒಂದು ನಿಯಮವಿದೆ. ಎಷ್ಟು ಸಿಕ್ಕಿಹಾಕಿಕೊಂಡರೂ ಯಾರೂ ಮೊಬೈಲಿನಲ್ಲಿ ಉತ್ತರ ನೋಡಬಾರದು. ಈ ಆಟಗಳ ಉತ್ತರ ಮೊದಲಿಂದ ಕೊನೆಯವರೆಗೆ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ನೋಡಿದರೆ ಆಟವೇ ಇಲ್ಲ.

ಒಂದು ಕಾಲದಲ್ಲಿ ಹೋಟೆಲ್ ಮಾಮನ ಬುದ್ಧಿ ಇದ್ದಕ್ಕಿದ್ದಂತೆ ಚುರುಕಾಯಿತು. ನಾವು ನಾಲ್ವರು ತಲೆ ಕೆರೆದುಕೊಳ್ಳುತ್ತಿರುವಾಗ ಅವರು ಕಣ್ಣು ಮುಚ್ಚಿ, "ನನಗೆ ಅನ್ನಿಸ್ತದೆ, ಆ ಕನ್ನಡಿಯನ್ನು ಬೆಕ್ಕಿಗೆ ತೋರಿಸಬೇಕು" ಎನ್ನುವರು. ತೋರಿಸಿದರೆ ಬಾಗಿಲು ತೆರೆಯುವುದು. ಒಂದು ಸಲ ಅಲ್ಲ, ಪ್ರತಿ ಸಲ. ಎಂಥಾ ತಲೆ ಮಾಮಂದು ಎಂದು ಕಾಕಾ ಹೊಗಳಿದರು. ನನ್ನ ಹೆಂಡತಿ ಹೊಗಳಲಿಲ್ಲ. ಮಕ್ಕಳು ಗೈಡು ನೋಡಿ ಬರೆದ ಉತ್ತರವನ್ನು ಅವಳು ದೂರದಿಂದಲೇ ಗುರುತಿಸುತ್ತಾಳೆ.

ಆ ಶನಿವಾರ ಅವಳು ಮಾಮನಿಗೆ ಫೋನ್ ಮಾಡಿ, ನಾಳೆ ಹೊಸ ಆಟ, ಸಮುದ್ರಗಳ್ಳರದ್ದು ಎಂದು ಹೆಸರು ಸಮೇತ ಹೇಳಿದಳು. ಭಾನುವಾರ ಎಲ್ಲರೂ ಸೇರಿದ ಮೇಲೆ ಬೇರೆಯೇ ಆಟ ಹಾಕಿದಳು. ಪರದೆಯ ತುಂಬ ಮರುಭೂಮಿ. ಒಂದು ಒಂಟೆ, ಒಂದು ಒಣಗಿದ ಬಾವಿ. ಮಾಮ ಶುರುವಿನ ಚಿತ್ರವನ್ನು ಸರಿಯಾಗಿ ನೋಡಲೇ ಇಲ್ಲ, ಚಹಾ ಕುಡಿಯುತ್ತ ಕಣ್ಣು ಮುಚ್ಚಿದರು.

"ನನಗೆ ಅನ್ನಿಸ್ತದೆ, ಮೊದಲು ಹಡಗಿನ ಕೆಳಗಿನ ಕೋಣೆಗೆ ಹೋಗಬೇಕು. ಅಲ್ಲಿ ಪೀಪಾಯಿ ಉಂಟು."

ಮಾಮ ಕಣ್ಣು ತೆರೆದರು. ಒಂಟೆ ಕಂಡಿತು. ನನ್ನ ಹೆಂಡತಿ ಮಾಮನ ಮುಖವನ್ನೇ ನೋಡುತ್ತಿದ್ದಳು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಒಪ್ಪಿಕೊಳ್ಳುತ್ತಿದ್ದರು. ಮಾಮ ಲೋಟ ಕೆಳಗಿಟ್ಟು, "ಹಡಗು ಬರ್ತದೆ. ಅವಸರ ಮಾಡ್ಬೇಡಿ" ಎಂದರು.

ಆಟ ಮುಂದುವರಿಯಿತು. ನಾವು ಒಂಟೆಗೆ ನೀರು ಕುಡಿಸಿದೆವು, ಗುಹೆ ದಾಟಿದೆವು, ಬಿರುಗಾಳಿಯಲ್ಲಿ ದಾರಿ ತಪ್ಪಿದೆವು. ನಡುನಡುವೆ ನನ್ನ ಹೆಂಡತಿ, ಮಾಮ, ಹಡಗು ಎಲ್ಲಿ ಎಂದು ಕೇಳುತ್ತಿದ್ದಳು. ಬರ್ತದೆ ಎನ್ನುತ್ತಿದ್ದರು ಮಾಮ. ವಕೀಲೆ ನಕ್ಕು ನಕ್ಕು ಸುಸ್ತಾದರು. ಸಂಜೆಯಾಗುತ್ತ ಬಂತು. ಬಿರುಗಾಳಿ ನಿಂತು ಮರಳು ಸರಿದಾಗ, ಅದರಡಿಯಿಂದ ಮೊದಲು ಒಂದು ಕಂಬ ಕಾಣಿಸಿತು, ಆಮೇಲೆ ಹಲಗೆಗಳು, ಆಮೇಲೆ ಇಡೀ ಒಂದು ಮುರಿದ ಹಡಗು. ಯಾವ ಕಾಲದಲ್ಲೋ ಸಮುದ್ರವಿದ್ದ ಜಾಗವಂತೆ ಅದು. ಕೆಳಗಿನ ಕೋಣೆಗೆ ಇಳಿದೆವು. ಅಲ್ಲಿ ಪೀಪಾಯಿಯೂ ಇತ್ತು.

ಮಾಮ ಎದ್ದು ಹೋಗಿ ತಾವೇ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡು ಬಂದರು. ನನ್ನ ಹೆಂಡತಿಗೆ ಆ ರಾತ್ರಿ ಊಟ ಸೇರಲಿಲ್ಲ.

ಕಲ್ಯಾಣದ ಬಾಗಿಲು

ಕಾಕಾ ಅವರ ಮಗಳನ್ನು ನೋಡಲು ಬೇಲಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಹುಡುಗಿ ಮೊದಲೇ ಮಾತಾಡಿಕೊಂಡು ಒಪ್ಪಿದ್ದರು, ಹಿರಿಯರು ಒಪ್ಪುವುದು ಬಾಕಿ. ಕಾಕಾ ಅವರ ಅಣ್ಣತಮ್ಮಂದಿರೆಲ್ಲ ಹುಬ್ಬಳ್ಳಿಯಲ್ಲಿ. ನಮ್ಮ ಮಂದಿ ಅಂತ ನೀವ ಬರ್ರಿ ಎಂದು ನಮ್ಮನ್ನು ಕರೆದರು. ಆ ದಿನ ಕಾಕಾ ಅಂಗಿಗೆ ಇಸ್ತ್ರಿ ಹಾಕಿ, ಬೆಳಗಿನಿಂದ ಕೂರದೆ ಓಡಾಡುತ್ತಿದ್ದರು. ಹುಡುಗನ ತಂದೆ ಬಹಳ ಶಿಸ್ತಿನವರು ಎಂದು ಯಾರೋ ಹೆದರಿಸಿದ್ದರು.

ಹಳೇ ಕಾಲದ ಕಟ್ಟಡ, ಮನೆಗಳ ಮುಂದೆ ಉದ್ದಕ್ಕೆ ಗ್ಯಾಲರಿ. ಕಾಕಾ ಅವರ ಹೆಂಡತಿ ಕಾಕು ಹೂವಿಗೆ ಹೋಗಿದ್ದರು, ಮಗಳು ಪಾರ್ಲರಿಗೆ. ಕುರ್ಚಿ ಸಾಲದೆಂದು ನಾವು ಐವರೂ ಟೆರೇಸಿನಿಂದ ಕುರ್ಚಿ ತರಲು ಹೋದೆವು, ಬಾಗಿಲು ತೆರೆದೇ ಇತ್ತು. ಕುರ್ಚಿ ಹೊತ್ತು ಕೆಳಗಿಳಿದು ಬಂದರೆ ಬಾಗಿಲು ಮುಚ್ಚಿದೆ. ತಾನಾಗಿ ಬೀಳುವ ಲ್ಯಾಚು. ಗಾಳಿಗೆ ಮುಚ್ಚಿಕೊಂಡಿರಬೇಕು ಎಂದರು ಕಾಕಾ. ಕೀಲಿ ಒಳಗೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಗ್ಯಾಲರಿಯ ಕಿಟಕಿಯಿಂದ ಕಾಣುತ್ತಿತ್ತು. ಕಾಕುಗೆ ಫೋನ್ ಮಾಡಿದೆ, ಅವರ ಫೋನು ಒಳಗೇ ಬಡಿದುಕೊಂಡಿತು. ಮಗಳ ನಂಬರು ಕಾಕಾ ಅವರ ಫೋನಿನಲ್ಲಿತ್ತು, ಆ ಫೋನೂ ಒಳಗೆ.

ನಾನು ಹೇಳುತ್ತೇನೆ, ಆಗ ನಮ್ಮಲ್ಲಿ ಯಾರಿಗೂ ಹೆದರಿಕೆ ಆಗಲಿಲ್ಲ. ಮುಚ್ಚಿದ ಬಾಗಿಲು, ಕಣ್ಣಿಗೆ ಕಾಣುವ ಕೀಲಿ, ನಡುವೆ ಕಬ್ಬಿಣದ ಸರಳು. ವರ್ಷಗಟ್ಟಲೆ ನಾವು ಮಾಡುತ್ತ ಬಂದದ್ದೇ ಇದು. ಹೋಟೆಲ್ ಮಾಮ ಅಂಗಿಯ ತೋಳು ಮಡಚಿದರು. ಪಕ್ಕದ ಮನೆಯ ಮುಂದೆ ಬಟ್ಟೆ ಒಣಹಾಕುವ ಕೋಲು ಇತ್ತು, ಕಾಕಾ ಅದನ್ನು ಕೇಳಿಯೇ ತಂದರು. ಹಗ್ಗದ ಮೇಲಿದ್ದ ತಂತಿಯ ಹ್ಯಾಂಗರನ್ನು ನಾನು ಬಗ್ಗಿಸಿದೆ. ವಕೀಲೆ ತಲೆಯಿಂದ ಹೇರ್‌ಪಿನ್ ತೆಗೆದರು. ಕೋಲಿಗೆ ಹ್ಯಾಂಗರು, ಹ್ಯಾಂಗರಿಗೆ ಪಿನ್ನು, ಎಲ್ಲವನ್ನೂ ನನ್ನ ಹೆಂಡತಿಯ ಕೂದಲ ರಬ್ಬರಿನಿಂದ ಬಿಗಿದು ಕಿಟಕಿಯೊಳಗೆ ತೂರಿಸಿದೆವು. ಅಕ್ಕಪಕ್ಕದವರಿಗೆ ಗೊತ್ತಾಗಬಾರದೆಂದು ಪಿಸುಮಾತಿನಲ್ಲೇ ಸೂಚನೆ ಕೊಡುತ್ತಿದ್ದೆವು. ಎಡಕ್ಕೆ, ಇನ್ನೂ ಎಡಕ್ಕೆ, ಹಿಡಿಯಿತು, ಎತ್ತಿ.

ಕೀಲಿ ಮೊಳೆಯಿಂದ ಬಿಡಿಸಿಕೊಂಡು ಬಂತು. ಅರ್ಧ ದಾರಿಯಲ್ಲಿ ಜಾರಿ, ಬರುವವರಿಗೆಂದು ಮೇಜಿನ ಮೇಲಿಟ್ಟಿದ್ದ ಶಿರಾದ ಪಾತ್ರೆಯಲ್ಲಿ ಬಿತ್ತು. ಬಿಸಿ ಶಿರಾ, ತುಪ್ಪ ಧಾರಾಳ. ಮೆಲ್ಲಗೆ ಮುಳುಗಿತು.

ಈಗ ಸೌಟು ಬೇಕಲ್ಲ ಎಂದು ಮಾಮ ಹೇಳುತ್ತಿದ್ದಾಗ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಹುಡುಗ, ಅವನ ತಂದೆ, ತಾಯಿ. ಕಾಕಾ ಕಿಟಕಿಯ ಸರಳಿನೊಳಗೆ ಭುಜದವರೆಗೆ ಕೈ ತೂರಿಸಿ ನಿಂತಿದ್ದರು, ನಮಸ್ಕಾರ ಮಾಡಲೂ ಆಗಲಿಲ್ಲ. ವಕೀಲೆ ಮುಂದೆ ಬಂದು, ಬಿಚ್ಚಿದ ಕೂದಲನ್ನು ಹಿಂದಕ್ಕೆ ಸರಿಸಿ, ಕೋರ್ಟಿನ ಧ್ವನಿಯಲ್ಲಿ, ಚಿಕ್ಕದೊಂದು ತೊಂದರೆ, ಎಲ್ಲ ನಮ್ಮ ಹತೋಟಿಯಲ್ಲಿದೆ ಎಂದರು. ಹುಡುಗನ ತಂದೆ ಕೋಲನ್ನು ನೋಡಿದರು, ಹ್ಯಾಂಗರನ್ನು ನೋಡಿದರು.

ಹುಡುಗನ ತಾಯಿ ಬಾಗಿಲ ಮುಂದೆ ನಿಂತು, ಯಾರ ಮನೆಗೆ ಹೋದರೂ ಮಾಡುವ ಹಾಗೆ, ಬೆಲ್ ಒತ್ತಿದರು.

ಬಾಗಿಲು ತೆರೆಯಿತು. ಕಾಕಾ ಅವರ ಮಗಳು ಅರ್ಧ ಒಣಗಿದ ಕೂದಲಲ್ಲಿ, ಕೈಯಲ್ಲಿ ಡ್ರೈಯರ್ ಹಿಡಿದು ನಿಂತಿದ್ದಳು. ನಾವು ಟೆರೇಸಿನಲ್ಲಿದ್ದಾಗ ಪಾರ್ಲರಿನಿಂದ ಬಂದು, ತೆರೆದಿದ್ದ ಬಾಗಿಲನ್ನು ತಾನೇ ಮುಚ್ಚಿಕೊಂಡು ಒಳಕೋಣೆಗೆ ಹೋಗಿದ್ದಳು. ಡ್ರೈಯರಿನ ಸದ್ದಿನಲ್ಲಿ ಅವಳಿಗೆ ನಮ್ಮ ಪಿಸುಮಾತು ಎಲ್ಲಿ ಕೇಳಬೇಕು? ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾದರೂ ಉತ್ತರ ಕೊಡುವುದು ಮರಾಠಿಯಲ್ಲಿ. ಕಿಟಕಿಯಲ್ಲಿ ಸಿಕ್ಕಿಕೊಂಡ ಅಪ್ಪನ ಕೈ ನೋಡಿ ಕೇಳಿದಳು: "ಅಪ್ಪಾ, ಬೆಲ್ ಕಾ ನಾಹೀ ವಾಜವಲೀ?"

ಬೆಲ್ ಯಾಕೆ ಒತ್ತಲಿಲ್ಲ ಅಂತ. ಕಾಕಾ ಮೆಲ್ಲಗೆ ಕೈ ಹೊರಗೆಳೆದುಕೊಂಡು ಬಂದವರಿಗೆ ನಮಸ್ಕಾರ ಮಾಡಿದರು.

ಸಂಬಂಧ ಅಂದೇ ಗಟ್ಟಿಯಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕೂತರು, ಕಾಕು ಹೂವು ತಂದರು, ಶಿರಾ ಬಡಿಸಿದರು. ಕೀಲಿಯ ವಿಷಯ ಹೇಳುವಷ್ಟರಲ್ಲಿ ತಡವಾಗಿತ್ತು. ಹುಡುಗ ಎರಡನೇ ಚಮಚಕ್ಕೆ ಅಗಿಯುವುದು ನಿಲ್ಲಿಸಿ, ಬಾಯಿಂದ ಕೀಲಿ ತೆಗೆದು, ಕರ್ಚೀಫಿನಿಂದ ಒರೆಸಿ, ಮರ್ಯಾದೆಯಿಂದ ಮೇಜಿನ ಮೇಲೆ ಇಟ್ಟ. ಅವನ ತಂದೆ ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸಾಲಾಗಿ ಕೂತಿದ್ದ ನಮ್ಮ ಕಡೆ ತಿರುಗಿ, ಇವರೆಲ್ಲ ಯಾರು ಎಂದು ಕಾಕಾ ಅವರನ್ನು ಕೇಳಿದರು.

ಕಾಕಾ ಎದೆಯುಬ್ಬಿಸಿ ಹೇಳಿದರು: "ಇವರು ನಮ್ಮ ಮಂದೀರಿ. ಎಂಥಾ ಕಗ್ಗಂಟಿದ್ರೂ ಕುಂತು ಬಿಡಸ್ತಾರ."